ಕಾವಲುಗಾರನ ಕಣ್ಣು ಎಷ್ಟು ದೂರ?

ಜಪಾನಿನ ಕೊನಾಮಿ ಕಂಪನಿಯಲ್ಲಿ ಕೆಲಸಕ್ಕಿದ್ದ ಹಿಡಿಯೊ ಕೊಜಿಮಾ ಅವರ ಪಾಲಿಗೆ ಎಂಎಸ್‌ಎಕ್ಸ್‌2 ಕಂಪ್ಯೂಟರಿಗಾಗಿ ಯುದ್ಧದ ಆಟವೊಂದನ್ನು ಮಾಡುವ ಕೆಲಸ ಬಂತು. ಹತ್ತಾರು ಸೈನಿಕರನ್ನೂ ಅವರ ಗುಂಡುಗಳನ್ನೂ ಒಟ್ಟಿಗೆ ತೆರೆಯ ಮೇಲೆ ಓಡಿಸುವ ತ್ರಾಣ ಆ ಯಂತ್ರಕ್ಕಿರಲಿಲ್ಲ. ಹಾಗಾಗಿ ಕೊಜಿಮಾ ಕಾದಾಟ ಬಿಟ್ಟು ಅವಿತುಕೊಳ್ಳುವುದನ್ನೇ ಆಟವಾಗಿಸಿದರು. 1987ರಲ್ಲಿ ಬಂದ ‘ಮೆಟಲ್ ಗಿಯರ್’ನ ಕಾವಲುಗಾರ ಮೂಗಿನ ನೇರಕ್ಕಷ್ಟೇ ನೋಡುತ್ತಿದ್ದ, ಒಂದು ಹೆಜ್ಜೆ ಪಕ್ಕಕ್ಕೆ ಸರಿದು ನಿಂತವರು ಅವನ ಪಾಲಿಗೆ ಇಲ್ಲ.

ಕದ್ದು ನುಸುಳುವ ಆಟ ಅದಕ್ಕೂ ಮೊದಲೇ ಇತ್ತು. 1981ರಲ್ಲಿ ಅಮೆರಿಕದ ಸಿಲಾಸ್ ವಾರ್ನರ್ ಆ್ಯಪಲ್ 2 ಕಂಪ್ಯೂಟರಿಗೆ ಬರೆದ ‘ಕ್ಯಾಸಲ್ ವುಲ್ಫೆನ್‌ಸ್ಟೈನ್’ನಲ್ಲಿ ಶತ್ರುವಿನ ಸಮವಸ್ತ್ರ ತೊಟ್ಟರೆ ಸಾಮಾನ್ಯ ಕಾವಲುಗಾರರು ಮೋಸಹೋಗುತ್ತಿದ್ದರು, ನಾಜಿಗಳ ಎಸ್‌ಎಸ್ ಪಡೆಯ ಸೈನಿಕರು ಹೋಗುತ್ತಿರಲಿಲ್ಲ.

ಈ ಶತ್ರುಗಳಿಗೆ ನಿಜವಾದ ಇಂದ್ರಿಯಗಳು ಬಂದದ್ದು 1998ರಲ್ಲಿ. ಲುಕಿಂಗ್ ಗ್ಲಾಸ್ ಸ್ಟುಡಿಯೋಸ್‌ನ ‘ಥೀಫ್’ ಆಟದಲ್ಲಿ ಕಾವಲುಗಾರನ ನೋಟ ಒಂದೇ ಗೆರೆಯಾಗಿ ಉಳಿಯಲಿಲ್ಲ. ಎದುರಿನದು ಸ್ಪಷ್ಟ, ಕಡೆಗಣ್ಣಿನದು ಮಸುಕು ಎನ್ನುವಂತೆ ಹಲವು ಶಂಕುಗಳಾಗಿ ಹರಡಿತು. ತೆರೆಯ ಕೆಳಗಿನ ಹರಳೊಂದು ಆಟಗಾರ ಎಷ್ಟು ಬೆಳಕಿನಲ್ಲಿದ್ದಾನೆಂದು ಹೇಳುತ್ತಿತ್ತು. ಕಲ್ಲುಹಾಸಿನ ಮೇಲೆ ಹೆಜ್ಜೆ ಸದ್ದಾಗುತ್ತಿತ್ತು, ಜಮಖಾನೆಯ ಮೇಲೆ ಆಗುತ್ತಿರಲಿಲ್ಲ. ಅಡಗಾಟದ ವ್ಯಾಕರಣ ಇಷ್ಟು ಪ್ರಾಮಾಣಿಕವಾಗಿ ಮತ್ತೆ ರಚನೆಯಾದದ್ದು ಕಡಿಮೆ. ಆದರೆ ಅದೆಲ್ಲ ಮಹಲು, ಓಣಿ, ನೆಲಮಾಳಿಗೆಗಳ ಲೋಕ. ನಾಲ್ಕು ಗೋಡೆಯೊಳಗೆ ನೋಟದ ದೂರ ದೊಡ್ಡ ಪ್ರಶ್ನೆಯೇ ಅಲ್ಲ.

ಗೋಡೆಗಳು ಬಿದ್ದ ಮೇಲೆ ಲೆಕ್ಕ ಕೆಟ್ಟಿತು. 2001ರಲ್ಲಿ ಜೆಕ್ ದೇಶದ ಬೊಹೀಮಿಯಾ ಇಂಟರಾಕ್ಟಿವ್ ‘ಆಪರೇಷನ್ ಫ್ಲಾಶ್‌ಪಾಯಿಂಟ್’ನಲ್ಲಿ ಇಡೀ ದ್ವೀಪಗಳನ್ನೇ ತೆರೆದಿಟ್ಟಿತು, 2004ರಲ್ಲಿ ಜರ್ಮನಿಯ ಕ್ರೈಟೆಕ್ ‘ಫಾರ್ ಕ್ರೈ’ ತಂದಿತು. ಆಟಗಾರನ ಕೈಯಲ್ಲಿ ಸ್ಕೋಪ್ ಇರುವ ಬಂದೂಕು, ಎದುರಿಗೆ ಬಯಲು. ಶತ್ರುವಿಗೂ ಅಷ್ಟೇ ದೂರದ ದೃಷ್ಟಿ ಕೊಟ್ಟರೆ, ಕೈ ನಡುಗದ ಕಂಪ್ಯೂಟರು ಕ್ಷಣದಲ್ಲಿ ಆಟಗಾರನನ್ನು ಉರುಳಿಸುತ್ತದೆ. ಕಡಿಮೆ ಕೊಟ್ಟರೆ, ಪಕ್ಕದವ ಸತ್ತು ಬಿದ್ದರೂ ಸೈನಿಕ ಬೆಪ್ಪನಂತೆ ನಿಂತಿರುತ್ತಾನೆ. ಹುಲ್ಲಿನದು ಇನ್ನೊಂದು ತಕರಾರು. ಕಂಪ್ಯೂಟರಿನ ಶತ್ರು ಚಿತ್ರವನ್ನು ನೋಡುವುದಿಲ್ಲ. ಅವನ ತಲೆಯಿಂದ ಆಟಗಾರನ ಮೈವರೆಗೆ ಎಳೆದ ಗೆರೆಗೆ ಏನಾದರೂ ಅಡ್ಡ ಬಂತೇ ಎಂದು ಲೆಕ್ಕ ಹಾಕುತ್ತಾನೆ. ಪ್ರತಿ ಎಸಳನ್ನೂ ಆ ಲೆಕ್ಕಕ್ಕೆ ಸೇರಿಸುವುದು ಯಂತ್ರಕ್ಕೆ ದುಬಾರಿ. ಸೇರಿಸದಿದ್ದರೆ, ಎದೆಯುದ್ದದ ಹುಲ್ಲಿನಲ್ಲಿ ಮಲಗಿದವನಿಗೂ ಮರೆ ಸಿಗುವುದಿಲ್ಲ.

2004ರ ‘ಮೆಟಲ್ ಗಿಯರ್ ಸಾಲಿಡ್ 3’ ಈ ತೊಡಕನ್ನು ಬಚ್ಚಿಡದೆ ತೆರೆಯ ಮೇಲೇ ತಂದಿತು. ತೊಟ್ಟ ಬಟ್ಟೆ, ಬಳಿದುಕೊಂಡ ಬಣ್ಣ, ನೆಲದ ಬಗೆ ಎಲ್ಲವನ್ನೂ ಕೂಡಿಸಿ, ಆಟಗಾರ ಎಷ್ಟು ಮರೆಯಾಗಿದ್ದಾನೆಂದು ಶೇಕಡಾವಾರು ತೋರಿಸಿತು. 2012ರ ‘ಫಾರ್ ಕ್ರೈ 3’ ಶತ್ರುವಿನ ಅನುಮಾನ ತುಂಬುತ್ತ ಹೋಗುವ ಸೂಚಕವನ್ನಿಟ್ಟಿತು. ಕ್ಯಾಮೆರಾದಲ್ಲಿ ಒಮ್ಮೆ ಗುರುತು ಮಾಡಿದವರು ಗೋಡೆಯಾಚೆಗೂ ಕಾಣುತ್ತಿದ್ದರು. ಅನುಕೂಲವೇನೋ ಆಯಿತು, ಆದರೆ ಕಣ್ಣಿಟ್ಟು ಹುಡುಕುವ ಕಷ್ಟಸುಖ ಅಲ್ಲಿಗೆ ಅರ್ಧ ಹೋಯಿತು.

ಹೆಚ್ಚು ಜಾಣತನದ ಉತ್ತರ ಕಿವಿಯ ಕಡೆಯಿಂದ ಬಂತು. ಬ್ರಿಟನ್ನಿನ ರೆಬೆಲಿಯನ್ ಸಂಸ್ಥೆ 2012ರ ‘ಸ್ನೈಪರ್ ಎಲೀಟ್ ವಿ2’ನಲ್ಲಿ, ಹತ್ತಿರ ಎಲ್ಲೋ ದೊಡ್ಡ ಸದ್ದು ಮೊಳಗಿದ ಕ್ಷಣಕ್ಕೆ ಕಾದು ಗುಂಡು ಹಾರಿಸಿದವನನ್ನು ಯಾರೂ ಪತ್ತೆಹಚ್ಚದಂತೆ ಮಾಡಿತು. 2014ರ ಮೂರನೇ ಭಾಗ ಉತ್ತರ ಆಫ್ರಿಕಾದ ಬಯಲಿಗೆ ಹೋಯಿತು. ಅಲ್ಲಿ ಗುಂಡು ಹೊಡೆದ ಜಾಗವನ್ನು ಬಿಟ್ಟು ಸರಿದುಹೋಗುವುದೇ ಆಟವಾಯಿತು. ನಿಜವಾದ ಸ್ನೈಪರನ ಕಸುಬಿಗೆ ಇದು ಎಲ್ಲಕ್ಕಿಂತ ಹತ್ತಿರ.

ಕೊಜಿಮಾ ಮತ್ತೆ ಬಯಲಿಗೆ ಬಂದದ್ದು 2015ರಲ್ಲಿ, 1984ರ ಅಫ್ಘಾನಿಸ್ತಾನದ ಕತೆಯೊಂದಿಗೆ. ‘ದ ಫ್ಯಾಂಟಮ್ ಪೇನ್’ನಲ್ಲಿ ಕತ್ತಲೂ ಮರಳುಗಾಳಿಯೂ ಕಾವಲುಗಾರರ ನೋಟವನ್ನು ಕುಗ್ಗಿಸುತ್ತವೆ, ಸೈಲೆನ್ಸರ್ ಬಳಸಿದಷ್ಟೂ ಸವೆಯುತ್ತದೆ. ದೂರದಿಂದ ತಲೆಗೇ ಗುರಿಯಿಟ್ಟು ಹೊಡೆಯುವ ಚಾಳಿ ಹತ್ತಿದರೆ ಮುಂದಿನ ಠಾಣೆಗಳಲ್ಲಿ ಸೈನಿಕರು ಹೆಲ್ಮೆಟ್ ತೊಟ್ಟು ನಿಲ್ಲುತ್ತಾರೆ. ರಾತ್ರಿಯೇ ನುಗ್ಗುವವರಿಗೆ ನೈಟ್ ವಿಷನ್ ಕನ್ನಡಕದವರು ಎದುರಾಗುತ್ತಾರೆ. ಆ ಹೆಲ್ಮೆಟ್ಟುಗಳು ಬರುವುದನ್ನು ತಡೆಯಬೇಕಾದರೆ ಆಟಗಾರ ತನ್ನ ಬೇರೊಂದು ತಂಡವನ್ನು ಕಳಿಸಿ ಅವುಗಳ ಸರಬರಾಜನ್ನೇ ಕಡಿಯಬೇಕು.