ಬಾಯಿಪಾಠದಿಂದ ಕಣ್ಣಿನ ಓದಿಗೆ: ಭಟ್ಕಳ, ಹೊನ್ನಾವರ, ಕುಮಟಾದ ಅಕ್ಷರ ಕಲಿಕೆ

ಉತ್ತರ ಕನ್ನಡದ ಕರಾವಳಿಯಲ್ಲಿ ಓದು ಬಹುಕಾಲ ಬಾಯಿ ಮತ್ತು ಕೈಯ ವಿದ್ಯೆಯಾಗಿತ್ತು. ಐಗಳ ಮಠದ, ಅಂದರೆ ಊರ ಮೇಷ್ಟರ ಶಾಲೆಯ, ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತ, ತಿದ್ದಿದ್ದನ್ನು ಗಟ್ಟಿಯಾಗಿ ಹೇಳುತ್ತಿದ್ದರು. ಕಾಗುಣಿತದ ಪಾಠದಲ್ಲಿ ಗೆರೆಗೂ ಒಂದು ಹೆಸರು: ಕ ತಲೆಕಟ್ಟು ಕ, ಕ ಇಳಿ ಕಾ, ಕ ಗುಡಿಸು ಕಿ, ಕ ಕೊಂಬು ಕು. ದನಿ ಎತ್ತಿ ಹೇಳಿದವನಿಗೆ ಪಾಠ ಬಂತು ಎಂದು ಲೆಕ್ಕ. ಮಾತು ಬಾರದ ಮಗುವಿಗೆ ಈ ಪದ್ಧತಿಯಲ್ಲಿ ಜಾಗವೇ ಇರಲಿಲ್ಲ.

ಆ ಕಾಲದ ಮಠಗಳ ಲೆಕ್ಕ ಸರ್ಕಾರಿ ಕಡತಗಳಲ್ಲಿ ಸಿಗುವುದಿಲ್ಲ. ಮದ್ರಾಸಿನ ಗವರ್ನರ್ ಥಾಮಸ್ ಮನ್ರೋ 1822ರಲ್ಲಿ ಎಲ್ಲ ಜಿಲ್ಲೆಗಳಿಂದ ಶಾಲೆಗಳ ಪಟ್ಟಿ ಕೇಳಿದ. ಈ ಮೂರೂ ಊರುಗಳು ಆಗ ಸೇರಿದ್ದ ಕೆನರಾ ಜಿಲ್ಲೆಯ ಕಲೆಕ್ಟರ್ ಅದೇ ವರ್ಷದ ಉತ್ತರದಲ್ಲಿ ಪಟ್ಟಿಯನ್ನೇ ಕೊಡಲಿಲ್ಲ. ಇಲ್ಲಿ ಶಿಕ್ಷಣ ಬಹುಮಟ್ಟಿಗೆ ಖಾಸಗಿಯಾಗಿ ನಡೆಯುವುದರಿಂದ ಪಟ್ಟಿ ತುಂಬಿದರೂ ನಿಜಸ್ಥಿತಿ ತಿಳಿಯದು ಎಂದ. ಮನೆಯ ಜಗಲಿಯ ಕಲಿಕೆಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. 1862ರಲ್ಲಿ ಉತ್ತರ ಕನ್ನಡ ಮುಂಬಯಿ ಆಡಳಿತಕ್ಕೆ ಸೇರಿತು. ಸರ್ಕಾರಿ ಶಾಲೆ, ಅಚ್ಚಾದ ಪಠ್ಯಪುಸ್ತಕ ಬಂದವು. ಕೂಡಿ ಹೇಳುವ ಪಾಠ ಮಾತ್ರ ನಿಲ್ಲಲಿಲ್ಲ.

ಮನೆಮಾತು ಬೇರೆ, ಪುಸ್ತಕದ ಮಾತು ಬೇರೆ ಎಂಬುದು ಈ ಕರಾವಳಿಯ ಇನ್ನೊಂದು ವಿಶೇಷ. ಹವ್ಯಕರ ಮತ್ತು ಹಾಲಕ್ಕಿಗಳ ಕನ್ನಡಕ್ಕೆ ಅವುಗಳದೇ ಧಾಟಿ. ಕೊಂಕಣಿ ಮನೆಗಳು ಬೇರೆ. ಭಟ್ಕಳದ ನವಾಯತ ಮಗು ಮನೆಯಲ್ಲಿ ನವಾಯತಿ ಆಡುತ್ತದೆ, ಖುರ್‌ಆನ್ ಓದಲು ಬಲದಿಂದ ಎಡಕ್ಕೆ ಸಾಗುವ ಅರಬ್ಬಿ ಅಕ್ಷರ ಕಲಿಯುತ್ತದೆ, ಕನ್ನಡವನ್ನು ಎಡದಿಂದ ಬಲಕ್ಕೆ ಓದುತ್ತದೆ. ಅಲ್ಲಿ ಅಂಜುಮನ್ ಹಾಮಿ-ಎ-ಮುಸ್ಲಿಮೀನ್ ಶಿಕ್ಷಣ ಸಂಸ್ಥೆ ಹುಟ್ಟಿದ್ದು 1919ರಲ್ಲಿ. ಅರಬ್ಬಿ ಪಾಠದಲ್ಲೂ ಅಕ್ಷರಕ್ಕೆ ದನಿ ಕೂಡಿಸಿಯೇ ಓದಬೇಕು.

ಕಣ್ಣಿಗೆ ಮೊದಲ ಸ್ಥಾನ ಸಿಕ್ಕಿದ್ದು ವರ್ಣಮಾಲೆಯ ಅನುಕ್ರಮ ಬಿಟ್ಟು ಆಕಾರದ ಹೋಲಿಕೆಯಿಂದ ಕಲಿಸಲು ತೊಡಗಿದ ಮೇಲೆ. ‘ರ ಗ ಸ ದ ಅ’ ಎಂಬ ಮೊದಲ ಗುಂಪಿನ ಐದೇ ಅಕ್ಷರಗಳಿಂದ ಅರಸ, ಅಗಸ, ಸರ, ಗರಗಸ, ದಸರ ಎಂದು ಓದಬಹುದು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ನಲಿ-ಕಲಿ ಕಲಿಕಾ ಪದ್ಧತಿ 2009–10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹರಡಿ, ಕಾರ್ಡುಗಳ ಮೂಲಕ ಮಗು ತನ್ನ ವೇಗದಲ್ಲಿ ಕಲಿಯುವುದಕ್ಕೆ ದಾರಿ ಮಾಡಿತು.

ದನಿ ಎತ್ತಿ ಹೇಳಲಾಗದ ಮಗುವಿಗೂ ಕಣ್ಣಿನ ಓದು ದಾರಿಯಾಗಬಲ್ಲದು. ಆಟಿಸಂ ಇರುವ ಕೆಲವು ಮಕ್ಕಳ ಕಣ್ಣಿನ ನೆನಪು ವೈದ್ಯರ ಗಮನಕ್ಕೆ ಬಂದದ್ದು ಇದಕ್ಕಿಂತ ಬಹಳ ಮೊದಲೇ. ಅಮೆರಿಕದ ಲಿಯೋ ಕ್ಯಾನರ್ 1943ರಲ್ಲಿ ಹನ್ನೊಂದು ಮಕ್ಕಳನ್ನು ಕುರಿತು ಬರೆದಾಗ ಅವರ ಅಸಾಧಾರಣ ನೆನಪನ್ನು ಗುರುತಿಸಿದ. ಅರ್ಥಕ್ಕಿಂತ ಬಹಳ ಮುಂದೆ ಓಡುವ ಓದಿಗೆ 1967ರಲ್ಲಿ ‘ಹೈಪರ್‌ಲೆಕ್ಸಿಯಾ’ ಎಂಬ ಹೆಸರು ಬಂತು. ಎಲ್ಲ ಮಕ್ಕಳೂ ಹೀಗಿರುವುದಿಲ್ಲ. ಆದರೂ ಆಡಿದ ಮಾತು ಮರುಕ್ಷಣವೇ ಇಲ್ಲವಾಗುತ್ತದೆ, ಬರೆದ ಪದ ಮಗು ನೋಡುವಷ್ಟು ಹೊತ್ತೂ ಅಲ್ಲೇ ಇರುತ್ತದೆ. ಇಂಥ ಮಕ್ಕಳಿಗೆ ಕಣ್ಣಿನಿಂದ ಪದ ಗುರುತಿಸಲು ಕಲಿಸುವ ಪಾಠದ ಬಲವೆಲ್ಲ ಅದರಲ್ಲಿದೆ. ಮೊದಲು ಚಿತ್ರಕ್ಕೆ ಅದೇ ಚಿತ್ರ, ಬಳಿಕ ಪದಕ್ಕೆ ಅದೇ ಪದ, ಆಮೇಲೆ ಚಿತ್ರಕ್ಕೆ ಪದ ಜೋಡಿಸಬೇಕು. ಮಾತು ಬಾರದಿದ್ದರೆ ಬೆರಳು ತೋರಿಸಿದರೂ ಉತ್ತರವೇ.

ಕರ್ನಾಟಕದಲ್ಲಿ ಇಂಥ ಮಕ್ಕಳಿಗೆ ಆಸರೆಯಾದ ಸಂಸ್ಥೆಗಳಲ್ಲಿ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮತ್ತು ಪ್ರತಿಭಾ ಕಾರಂತ ಬೆಂಗಳೂರಿನಲ್ಲಿ ಕಟ್ಟಿದ ಕಾಮ್ ಡೀಲ್ ಸೇರಿವೆ. ಎರಡೂ ಕರಾವಳಿಯಿಂದ ದೂರ. 1995ರ ಅಂಗವಿಕಲರ ಕಾಯ್ದೆಯ ಪಟ್ಟಿಯಲ್ಲಿ ಆಟಿಸಂ ಇರಲಿಲ್ಲ; 1999ರ ರಾಷ್ಟ್ರೀಯ ನ್ಯಾಸ ಕಾಯ್ದೆ ಅದನ್ನು ಹೆಸರಿಸಿತು, 2016ರ ಕಾಯ್ದೆ ಪೂರ್ಣ ಹಕ್ಕಿನ ಪಟ್ಟಿಗೆ ಸೇರಿಸಿತು. ಅಷ್ಟು ತಡವಾದದ್ದು ಅನ್ಯಾಯವೇ.

ಕಣ್ಣಿನ ನೆನಪೊಂದರಿಂದಲೇ ಕನ್ನಡ ಓದಿ ಮುಗಿಸಲಾಗದು. ‘ಮನೆ’ ಎಂಬ ಕಾರ್ಡು ಗುರುತಿಸಿದ ಮಗು ‘ಮನೆಗೆ’, ‘ಮನೆಯಲ್ಲಿ’, ‘ಮನೆಯಿಂದ’ ಕಂಡಾಗ ಮೊದಲ ಭಾಗವನ್ನಾದರೂ ಹಿಡಿಯಬಲ್ಲದು. ‘ಮೀನು’ ‘ಮೀನಿಗೆ’ ಆದಾಗ ಕೊಂಬು ಹೋಗಿ ಗುಡಿಸು ಬಂದು, ನೆನಪಿನಲ್ಲಿದ್ದ ಆಕಾರವೇ ಬದಲಾಗುತ್ತದೆ. ಹೀಗಾಗಿ ಹತ್ತಾರು ಪದ ಕಣ್ಣಿಗೆ ಹತ್ತಿದ ಮೇಲೆ ಕಾರ್ಡನ್ನು ಕತ್ತರಿಸಿ ‘ಮೀ’, ‘ನು’ ಎಂದು ಬೇರೆ ಮಾಡಿ, ಮಗುವಿನ ಕೈಯಿಂದಲೇ ಮತ್ತೆ ಜೋಡಿಸಬೇಕಾಗುತ್ತದೆ. ‘ನು’ ಪಕ್ಕದಲ್ಲಿ ‘ನಿ’ ಇಟ್ಟು ಎರಡರ ವ್ಯತ್ಯಾಸ ತೋರಿಸಬೇಕಾಗುತ್ತದೆ. ಕಾಗುಣಿತ ಇಲ್ಲಿಂದ ಶುರುವಾಗುತ್ತದೆ.