ಹುಟ್ಟುಗಿವುಡು, ಮೂರ್ಛೆ, ಅಕಾಲಮರಣ: ಶಿಶುಹೃದ್ರೋಗದ ಒಂದು ನಿದಾನದ ಇತಿಹಾಸ

ಜರ್ಮನಿಯ ಲೈಪ್‌ಜಿಗ್ ನಗರದ ವೈದ್ಯನಾದ ಮೈಸ್ನರನು ಕಿವುಡರನ್ನೂ ಅವರ ಶಿಕ್ಷಣವನ್ನೂ ಕುರಿತು 1856ನೆಯ ಇಸವಿಯಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಒಂದು ದುರಂತವನ್ನು ಬರೆದಿಟ್ಟಿರುವನು. ಕಿವುಡರ ಶಾಲೆಯ ಹುಡುಗಿಯೊಬ್ಬಳನ್ನು ಯಾವುದೋ ಅಲ್ಪಾಪರಾಧಕ್ಕಾಗಿ ಶಾಲೆಯ ಮುಖ್ಯಸ್ಥನು ಎಲ್ಲರೆದುರಿಗೆ ಕರೆಯಿಸಿದನು; ಅವಳು ಅಲ್ಲಿಯೇ ಕುಸಿದು ಪ್ರಾಣಬಿಟ್ಟಳು. ಈ ವಾರ್ತೆಯಿಂದ ತಂದೆತಾಯಿಗಳಿಗೆ ಆಶ್ಚರ್ಯವಾಗಲಿಲ್ಲ. ಅವರ ಮಕ್ಕಳಲ್ಲಿ ಮತ್ತಿಬ್ಬರು, ಒಂದು ಭಯದಿಂದಲೂ ಇನ್ನೊಂದು ಕೋಪಾವೇಶದಿಂದಲೂ, ಹಾಗೆಯೇ ಹಠಾತ್ತಾಗಿ ಮೃತಪಟ್ಟಿದ್ದುವು.

ರೋಗದ ಮುಖ್ಯಲಕ್ಷಣಗಳೆಲ್ಲವೂ ಈ ವೃತ್ತಾಂತದಲ್ಲಿ ಅಡಗಿವೆ. ಆದರೆ ಅವುಗಳನ್ನು ಹೃದಯದೊಡನೆ ಸೇರಿಸುವ ಸಾಧನವು ಆಗ ಇರಲಿಲ್ಲ. ಎದೆಗೆ ಕೊಳವೆಯನ್ನಿಟ್ಟು ಕೇಳಿದರೆ ಇಂಥ ಮಕ್ಕಳ ಹೃದಯದಲ್ಲಿ ಯಾವ ಅಪಸ್ವರವೂ ಇರುವುದಿಲ್ಲ. ಮೂರ್ಛೆ ತಿಳಿದೆದ್ದ ಮಗುವು ಎಂದಿನಂತೆ ಆಡುತ್ತಿರುತ್ತದೆ. ದೋಷವಿರುವುದು ಹೃದಯದ ರಚನೆಯಲ್ಲಲ್ಲ, ಅದರ ವಿದ್ಯುದ್ವ್ಯಾಪಾರದಲ್ಲಿ. ಹಾಲೆಂಡಿನ ಐಂಥೋವನನು 20ನೆಯ ಶತಮಾನದ ಆದಿಯಲ್ಲಿ ನಿರ್ಮಿಸಿದ ಯಂತ್ರವು ಈ ವ್ಯಾಪಾರವನ್ನು ರೇಖೆಯಾಗಿ ಬರೆದು ತೋರಿಸಿತು. ಆ ರೇಖೆಯ ಏರಿಳಿತಗಳಿಗೆ ಪಿ, ಕ್ಯೂ, ಆರ್, ಎಸ್, ಟಿ ಎಂಬ ಹೆಸರುಗಳನ್ನು ಕೊಟ್ಟವನೂ ಅವನೇ. ಇವುಗಳಲ್ಲಿ ಕ್ಯೂದಿಂದ ಟಿಯ ಕೊನೆಯವರೆಗಿನ ಕಾಲವೆಂದರೆ ಹೃತ್ಕುಕ್ಷಿಗಳು ಉದ್ರೇಕಗೊಂಡು ಮರಳಿ ವಿಶ್ರಾಂತಿಗೆ ಬರುವ ಕಾಲ. ನಾಡಿಯ ವೇಗ ಹೆಚ್ಚಿದಂತೆ ಇದು ಕಿರಿದಾಗುವುದರಿಂದ ಬ್ಯಾಜೆಟ್ಟನು 1920ರಲ್ಲಿ ಒಂದು ಗಣಿತಸೂತ್ರವನ್ನು ಕೊಟ್ಟನು. ಎಳೆಯ ಮಕ್ಕಳ ನಾಡಿ ಸಹಜವಾಗಿಯೇ ವೇಗವಾದುದು. ಅಂಥ ವೇಗದಲ್ಲಿ ಈ ಸೂತ್ರವು ಕಾಲವನ್ನು ಇದ್ದುದಕ್ಕಿಂತ ದೀರ್ಘವಾಗಿ ತೋರಿಸುತ್ತದೆಂಬುದನ್ನು ಮರೆಯಲಾಗದು.

1957ರಲ್ಲಿ ನಾರ್ವೆಯ ಯೆರ್ವೆಲ್, ಲಾಂಗೆ-ನೀಲ್ಸನ್ ಎಂಬ ವೈದ್ಯರು ಒಂದು ಸಂಸಾರದ ಕಥೆಯನ್ನು ಪ್ರಕಟಿಸಿದರು. ಆರು ಮಕ್ಕಳಲ್ಲಿ ನಾಲ್ವರು ಹುಟ್ಟುಗಿವುಡರು. ನಾಲ್ವರಿಗೂ ಆಗಾಗ ಮೂರ್ಛೆ. ಅವರಲ್ಲಿ ಮೂವರು ನಾಲ್ಕು, ಐದು, ಒಂಬತ್ತನೆಯ ವಯಸ್ಸುಗಳಲ್ಲಿ ತೀರಿಕೊಂಡರು. ಬೇರೆ ಪರೀಕ್ಷೆಗಳಲ್ಲಿ ಹೃದಯವು ನಿರ್ದೋಷವಾಗಿ ಕಂಡರೂ ವಿದ್ಯುಲ್ಲೇಖದಲ್ಲಿ ಕ್ಯೂ-ಟಿ ಕಾಲವು ಅತಿದೀರ್ಘವಾಗಿದ್ದಿತು. ಸುಮಾರು ನೂರು ವರ್ಷ ಹಿಂದಿನ ಮೈಸ್ನರನ ವೃತ್ತಾಂತಕ್ಕೆ ಅರ್ಥವು ದೊರೆತುದು ಇಲ್ಲಿಂದ.

ಕಿವುಡೇ ಕಾರಣವೆಂದು ಊಹಿಸುವುದಕ್ಕೆ ಅವಕಾಶವು ಬಹುಕಾಲ ಉಳಿಯಲಿಲ್ಲ. ಇಟಲಿಯ ರೊಮಾನೊ 1963ರಲ್ಲಿಯೂ, ಐರ್ಲೆಂಡಿನ ವಾರ್ಡ್ 1964ರಲ್ಲಿಯೂ ಕಿವಿ ಚೆನ್ನಾಗಿ ಕೇಳುವ ಮಕ್ಕಳಲ್ಲಿ ಇದೇ ಲೇಖವನ್ನು ಕಂಡರು. ಎರಡರ ಸಂಬಂಧವು 1997ರಲ್ಲಿ ಸ್ಪಷ್ಟವಾಯಿತು: ಹೃದಯದ ಕಣಗಳಲ್ಲಿ ಪೊಟ್ಯಾಸಿಯಂ ಹಾಯುವ ದ್ವಾರವೊಂದೇ ಒಳಗಿವಿಯಲ್ಲಿಯೂ ಕೆಲಸಮಾಡುತ್ತದೆ. ತಂದೆತಾಯಿ ಇಬ್ಬರಿಂದಲೂ ದೋಷವು ಬಂದರೆ ಎರಡೂ ಕೆಡುತ್ತವೆ. ಒಬ್ಬರಿಂದ ಮಾತ್ರ ಬಂದರೆ ಸಾಮಾನ್ಯವಾಗಿ ಕಿವಿ ಉಳಿಯುತ್ತದೆ.

ಕಿವಿ ಕೇಳುವ ಮಕ್ಕಳಲ್ಲಿಯೇ ನಿದಾನವು ತಪ್ಪುವ ಭಯ ಹೆಚ್ಚು. ಓಡುವಾಗ, ಈಜುವಾಗ, ಬೆಚ್ಚಿದಾಗ ಬಿದ್ದು ಕೈಕಾಲು ಸೆಳೆಯುವ ಮಗುವನ್ನು ಅಪಸ್ಮಾರಿಯೆಂದೆಣಿಸಿ ವರ್ಷಗಟ್ಟಲೆ ಮದ್ದು ಕೊಟ್ಟಿರುವುದುಂಟು. ಕನ್ನಡದಲ್ಲಿಯಂತೂ ಎಚ್ಚರತಪ್ಪುವುದು ಮೂರ್ಛೆ, ಅಪಸ್ಮಾರವೂ ಮೂರ್ಛೆರೋಗ. ಮಾತೇ ವೈದ್ಯನ ದಾರಿತಪ್ಪಿಸಬಲ್ಲುದು. ಒಮ್ಮೆ ತೆಗೆದ ಲೇಖವು ಸರಿಯಾಗಿದ್ದಿತೆಂದು ಸುಮ್ಮನಾಗುವುದೂ ಸಲ್ಲದು, ಏಕೆಂದರೆ ಈ ಕಾಲವು ದಿನದಿಂದ ದಿನಕ್ಕೆ ವ್ಯತ್ಯಾಸವಾಗುತ್ತದೆ. ಒಡಹುಟ್ಟಿದವರ, ಹೆತ್ತವರ ಲೇಖಗಳನ್ನೂ ನೋಡಬೇಕು.

ಶ್ವಾರ್ಟ್ಸ್ ಮತ್ತು ಅವನ ಸಹೋದ್ಯೋಗಿಗಳು 1993ರಲ್ಲಿ ಸಿದ್ಧಪಡಿಸಿದ ನಿದಾನದ ಪಟ್ಟಿಯಲ್ಲಿ ಅತಿದೀರ್ಘವಾದ ಕ್ಯೂ-ಟಿ ಕಾಲಕ್ಕೆ ಮೂರು ಅಂಕಗಳು, ಉದ್ವೇಗದಿಂದ ಬರುವ ಮೂರ್ಛೆಗೆ ಎರಡು. ಹುಟ್ಟುಗಿವುಡಿಗೆ ಅರ್ಧ ಅಂಕ. ಹತ್ತಿರದ ರಕ್ತಸಂಬಂಧಿಯೊಬ್ಬರು ಮೂವತ್ತು ತುಂಬುವ ಮೊದಲೇ ಕಾರಣವಿಲ್ಲದೆ ಹಠಾತ್ತಾಗಿ ಮಡಿದಿದ್ದರೆ ಮತ್ತೂ ಅರ್ಧ.