ಕಾಲಂ 9, ಕಾಲಂ 12

ರಾತ್ರಿ ಎರಡು ಗಂಟೆಗೆ ಫೋನ್ ಬಂತು. "ಸಾರ್, ಇನ್‌ವಾಯ್ಸ್ ಜಾಬ್ ಬಿದ್ದೋಗಿದೆ. ಫೈಲ್ ನಿಮ್ಮ ಹೆಸರಲ್ಲೇ ಇದೆ." ಬಿಟಿಎಂ ಲೇಔಟಿನ ಬಾಡಿಗೆ ಮನೆ. ಮಗುವಿಗೆ ಎಚ್ಚರ ಆಗದ ಹಾಗೆ ಅಡುಗೆಮನೆಗೆ ಹೋಗಿ, ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟು ಗಿಟ್ ಬ್ಲೇಮ್ ಹೊಡೆದೆ. ನಿಜ, ಸಾಲು ಸಾಲಿಗೂ ನನ್ನ ಹೆಸರು. ಆದರೆ ಆ ಫೈಲಲ್ಲಿ ಒಂದು ಇಫ್ ಕೂಡ ನಾನು ಬರೆದದ್ದಲ್ಲ. ಯಾವತ್ತೋ ಟ್ಯಾಬ್ ತೆಗೆದು ಸ್ಪೇಸ್ ಹಾಕುವ ಫಾರ್ಮ್ಯಾಟರ್ ಓಡಿಸಿ ಕಮಿಟ್ ಮಾಡಿದ್ದೆ, ಅಷ್ಟೇ ನನ್ನ ಸಾಧನೆ.

ಸ್ಪೇಸ್ ಬದಲಾವಣೆಯನ್ನು ಲೆಕ್ಕಕ್ಕೆ ಹಿಡಿಯಬೇಡ ಅನ್ನುವ ಡ್ಯಾಶ್ ಡಬ್ಲ್ಯೂ ಹಾಕಿ ಮತ್ತೆ ಹೊಡೆದೆ. ಈಗ ನಮ್ಮ ಹಳೆಯ ಟೀಮ್ ಲೀಡ್ ಹೆಸರು ಬಂತು. ಅವರೂ ಬರೆದವರಲ್ಲ. ಬರೆದವನು ಒಬ್ಬ ಕಾಂಟ್ರ್ಯಾಕ್ಟ್ ಹುಡುಗ. ಆಗ ನಮ್ಮ ಕೋಡೆಲ್ಲ ಸಬ್‌ವರ್ಷನ್‌ನಲ್ಲಿತ್ತು, ಅವನಿಗೆ ಲಾಗಿನ್ ಕೊಟ್ಟಿರಲಿಲ್ಲ. ಪ್ಯಾಚ್ ಮಾಡಿ ಮೇಲ್ ಕಳಿಸುತ್ತಿದ್ದ, ಲೀಡ್ ಚೆಕ್-ಇನ್ ಮಾಡುತ್ತಿದ್ದರು. ಮುಂದೆ ಗಿಟ್‌ಗೆ ಸಾಗಿಸಿದಾಗ ಇದ್ದ ಹೆಸರೇ ಸಾಗಿ ಬಂತು. ನಮ್ಮ ರೆಪಾಸಿಟರಿಯಲ್ಲಿ ಆ ಹುಡುಗ ಎಲ್ಲೂ ಇಲ್ಲ.

ಐದು ಗಂಟೆಗೆ ಜಾಬ್ ಸರಿಹೋಯಿತು. ನಿದ್ದೆ ಹಾರಿಹೋಗಿತ್ತು. ಕೂತು ಕಾಫಿ ಕುಡಿಯುವಾಗ ನೆನಪಾದದ್ದು ಅಜ್ಜನ ಪಹಣಿ.

ಪಹಣಿಗೆ ಬರುವ ಮುಂಚೆ ಬ್ಲೇಮ್ ಕಥೆ ಸ್ವಲ್ಪ ಹೇಳಬೇಕು. 1972ರಲ್ಲಿ ಬೆಲ್ ಲ್ಯಾಬ್ಸ್‌ನ ಮಾರ್ಕ್ ರಾಚ್‌ಕೈಂಡ್ ಎಸ್‌ಸಿಸಿಎಸ್ ಅನ್ನುವ ಸಾಫ್ಟ್‌ವೇರ್ ಬರೆದರು. ಈಗ ನಾವು ಬಳಸುವ ವರ್ಷನ್ ಕಂಟ್ರೋಲ್‌ಗೆಲ್ಲ ಅದೇ ಹಿರಿಯಜ್ಜ. ಅದರಲ್ಲಿ ಪ್ರತಿ ಸಾಲೂ ಯಾವ ಬದಲಾವಣೆಯಲ್ಲಿ ಒಳಗೆ ಬಂತು ಅನ್ನುವುದು ಫೈಲಿನೊಳಗೇ ಹೆಣೆದಿರುತ್ತಿತ್ತು. ಆಮೇಲೆ ಬಂದ ಸಿವಿಎಸ್‌ನಲ್ಲಿ ಸಾಲಿನ ಪಕ್ಕ ಹೆಸರು ತೋರಿಸುವ ಕಮಾಂಡಿಗೆ 'ಆ್ಯನೋಟೇಟ್' ಅಂತ ಸಭ್ಯ ಹೆಸರಿತ್ತು. ಸಬ್‌ವರ್ಷನ್‌ನವರು ಅದನ್ನು 'ಬ್ಲೇಮ್' ಅಂದರು, ಪಾಪ ಅನ್ನಿಸಿತೋ ಏನೋ, 'ಪ್ರೇಸ್' ಅಂತ ಹೊಡೆದರೂ ಅದೇ ಉತ್ತರ ಬರುವ ಹಾಗೆ ಮಾಡಿದರು. ಇಷ್ಟು ವರ್ಷದ ಸರ್ವಿಸಿನಲ್ಲಿ ಪ್ರೇಸ್ ಹೊಡೆದವರನ್ನು ನಾನು ನೋಡಿಲ್ಲ.

2005ರ ಏಪ್ರಿಲ್‌ನಲ್ಲಿ ಲಿನಸ್ ಟೊರ್ವಾಲ್ಡ್ಸ್ ಗಿಟ್ ಬರೆದಾಗ ಎರಡು ಸಂಗತಿ ಬದಲಾದವು. ಒಂದು, ಗಿಟ್ ಒಳಗೆ 'ಈ ಸಾಲು ಇಂಥವರದು' ಅಂತ ಎಲ್ಲೂ ಬರೆದಿಟ್ಟಿರುವುದಿಲ್ಲ. ನಾವು ಕೇಳಿದಾಗ ಅದು ಕಮಿಟ್‌ನಿಂದ ಕಮಿಟ್‌ಗೆ ಹಿಂದಕ್ಕೆ ನಡೆದು, ಆ ಸಾಲನ್ನು ಕೊನೆಗೆ ಮುಟ್ಟಿದವರ ಹತ್ತಿರ ನಿಂತುಬಿಡುತ್ತದೆ. ಮುಟ್ಟಿದ್ದು ಯಾಕೆ ಅಂತ ಅದಕ್ಕೆ ಗೊತ್ತಿಲ್ಲ. ಇನ್ನೊಂದು, ಪ್ರತಿ ಕಮಿಟ್‌ನಲ್ಲಿ ಎರಡು ಹೆಸರಿಗೆ ಜಾಗ ಇದೆ: ಬರೆದವರು, ಒಳಗೆ ಸೇರಿಸಿದವರು. ಲಿನಕ್ಸ್ ಕರ್ನೆಲ್‌ಗೆ ಪ್ಯಾಚುಗಳು ಮೇಲ್‌ನಲ್ಲಿ ಬರುತ್ತಿದ್ದವು, ಸೇರಿಸುವವರು ಬೇರೆಯವರು. ಬರೆದವನ ಹೆಸರು ಸೇರಿಸಿದವನ ಹೆಸರಿನ ಅಡಿ ಹೂತುಹೋಗಬಾರದು ಅನ್ನುವುದಕ್ಕೆ ಅಲ್ಲಿ ಜಾಗವಿದೆ.

ನಮ್ಮ ಆರ್‌ಟಿಸಿಯಲ್ಲೂ ಹೀಗೇ ಎರಡು ಜಾಗ ಇವೆ. ಕಾಲಂ 9ರಲ್ಲಿ ಖಾತೆದಾರ. ಕಾಲಂ 12ರಲ್ಲಿ ಆ ವರ್ಷ ಸಾಗುವಳಿ ಮಾಡಿದವರು. ನಡುವೆ ಕಾಲಂ 10ರಲ್ಲಿ ಜಮೀನು ಹೇಗೆ ಬಂತು ಅಂತ ಎಂಆರ್ ನಂಬರ್, ನಮ್ಮ ಕಮಿಟ್ ನಂಬರ್ ಇದ್ದ ಹಾಗೆ.

ನಮ್ಮೂರು ಸಾಗರ ತಾಲೂಕು. 1951ರಲ್ಲಿ ಗೇಣಿದಾರರ ಸತ್ಯಾಗ್ರಹ ನಡೆದ ಕಾಗೋಡು ಇರುವ ತಾಲೂಕು. ಅಜ್ಜ ಇಬ್ಬರು ಒಡೆಯರ ಎರಡು ಗದ್ದೆ ಗೇಣಿಗೆ ಮಾಡುತ್ತಿದ್ದ. ದೇವರಾಜ ಅರಸು ಸರ್ಕಾರದ ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಉಳುವವನೇ ಹೊಲದೊಡೆಯ. ಗೇಣಿದಾರ ಫಾರಂ 7 ತುಂಬಿ ಭೂ ನ್ಯಾಯಮಂಡಳಿಗೆ ಕೊಡಬೇಕು, ತಾನೇ ಉಳುತ್ತಿದ್ದೆ ಅಂತ ತೋರಿಸಬೇಕು. ತೋರಿಸುವುದು ಹೇಗೆ? ಸಾಕ್ಷಿ ಕರೆಯಬಹುದು. ಆದರೆ 1964ರ ಭೂಕಂದಾಯ ಕಾಯ್ದೆಯ 133ನೇ ಸೆಕ್ಷನ್ ಪ್ರಕಾರ ಪಹಣಿಯಲ್ಲಿ ಬರೆದದ್ದು ಸುಳ್ಳು ಅಂತ ಸಾಬೀತಾಗುವವರೆಗೆ ನಿಜ. ಮೇಲಿನ ಗದ್ದೆಯ ಕಾಲಂ 12ರಲ್ಲಿ ಅಜ್ಜನ ಹೆಸರಿತ್ತು. ಕೆಳಗಿನ ಗದ್ದೆಯದರಲ್ಲಿ ವರ್ಷ ವರ್ಷವೂ 'ಸ್ವಂತ' ಅಂತಿತ್ತು, ಅಂದರೆ ಒಡೆಯರೇ ಉಳುತ್ತಿದ್ದಾರೆ ಅಂತ. ಬರೆಯುವವರು ಗದ್ದೆಗೆ ಇಳಿದು ನೋಡಿದವರಲ್ಲ, ಜಗಲಿಯಲ್ಲಿ ಕೂತು ಕೇಳಿ ಬರೆದರು. ಮೇಲಿನ ಗದ್ದೆ ನಮಗೆ ಬಂತು. ನನ್ನ ಬಿ.ಇ. ಫೀಸು ಹುಟ್ಟಿದ್ದು ಅದರಲ್ಲೇ. ಕೆಳಗಿನದು ಹೋಯಿತು. ಎರಡರಲ್ಲೂ ಕೆಸರು ತುಳಿದದ್ದು ಒಂದೇ ಕಾಲು.

2000ದ ಆಸುಪಾಸಿನಲ್ಲಿ ಭೂಮಿ ಯೋಜನೆ ಬಂತು. ಸುಮಾರು 2 ಕೋಟಿ ಪಹಣಿ, 67 ಲಕ್ಷ ರೈತರು, ತಾಲೂಕು ಕಚೇರಿಯಲ್ಲಿ 15 ರೂಪಾಯಿಗೆ ಪ್ರಿಂಟ್. ದೊಡ್ಡ ಕೆಲಸವೇ, ಕೈಬರಹದ ಪಹಣಿಗೆ ಕೈ ಒಡ್ಡಿ ನಿಂತವರಿಗೆ ಅದರ ಬೆಲೆ ಗೊತ್ತು. ಆದರೆ ಮೈಗ್ರೇಷನ್ ಅಂದರೆ ಮೈಗ್ರೇಷನ್ನೇ. ಹಳೆಯ ಪುಸ್ತಕದಲ್ಲಿ ಇಲ್ಲದ ಹೆಸರು ಕಂಪ್ಯೂಟರಿಗೆ ಬರುವುದಿಲ್ಲ. ನಾನು ಬಾಡಿಗೆಗಿರುವ ಬಿಟಿಎಂ ಅನ್ನೇ ನೋಡಿ: ಬೈರಸಂದ್ರ, ತಾವರೆಕೆರೆ, ಮಡಿವಾಳ ಮೂರು ಊರು ಸೇರಿ ಮೂರು ಇಂಗ್ಲಿಷ್ ಅಕ್ಷರ. ಅಲ್ಲಿ ಗದ್ದೆ ಮಾಡಿದವರು ಯಾರೋ.

ಈಗ ಓನರ್ ಯಾರು ಅಂತ ಹೇಳಲು ಇನ್ನೂ ಸಲಕರಣೆ ಬಂದಿವೆ. ಗಿಟ್‌ಹಬ್ 2017ರಲ್ಲಿ ತಂದ ಕೋಡ್‌ಓನರ್ಸ್ ಫೈಲು ಶುದ್ಧ ಕಾಲಂ 9. ನನಗೆ ಹಿಡಿಸಿದ್ದು 2009ರಲ್ಲಿ ಕರ್ನೆಲ್‌ಗೆ ಸೇರಿದ ಗೆಟ್-ಮೇಂಟೇನರ್ ಅನ್ನುವ ಪರ್ಲ್ ಸ್ಕ್ರಿಪ್ಟು. ಫೈಲ್ ಹೆಸರು ಕೊಟ್ಟರೆ ಯಾರಿಗೆ ಮೇಲ್ ಹಾಕಬೇಕು ಅಂತ ಹೇಳುತ್ತದೆ. ಮೇಂಟೇನರ್ಸ್ ಪಟ್ಟಿಯನ್ನೂ ನೋಡುತ್ತದೆ, ಬೇಕೆಂದರೆ ಗಿಟ್ ಇತಿಹಾಸವನ್ನೂ ಕೆದಕುತ್ತದೆ. ಎರಡೂ ಕಾಲಂ ಓದುವ ಗ್ರಾಮ ಲೆಕ್ಕಿಗ.

ಹೇಳಲೇಬೇಕಾದ್ದು ಒಂದು ಉಳಿದಿದೆ. ಆ ಕಾಂಟ್ರ್ಯಾಕ್ಟ್ ಹುಡುಗನನ್ನು ಪರ್ಮನೆಂಟ್ ಮಾಡುವ ಮಾತು ಬಂದ ದಿನ ಯಾರೋ ಗಿಟ್ ಶಾರ್ಟ್‌ಲಾಗ್ ಹೊಡೆದು ಸ್ಕ್ರೀನ್ ಮೇಲೆ ಹಾಕಿದರು. ಯಾರದು ಎಷ್ಟು ಕಮಿಟ್ ಅಂತ. ಅವನ ಹೆಸರೇ ಇಲ್ಲ. ಆ ರೂಮಿನಲ್ಲಿ ನಾನಿದ್ದೆ. ಪ್ಯಾಚುಗಳು ಮೇಲ್‌ನಲ್ಲಿ ಬರುತ್ತಿದ್ದವು ಅಂತ ನನಗೆ ಗೊತ್ತಿತ್ತು. ಅಪ್ರೈಸಲ್ ಹತ್ತಿರವಿತ್ತು, ಸುಮ್ಮನಿದ್ದೆ. ಮುಂದಿನ ತಿಂಗಳು ಅವನು ಬ್ಯಾಡ್ಜ್ ಕೊಟ್ಟು ಹೋದ.

ಆ ಫಾರ್ಮ್ಯಾಟರ್ ಕಮಿಟ್ಟನ್ನು ಬ್ಲೇಮ್ ಕಡೆಗಣಿಸುವ ಹಾಗೆ ಇಗ್ನೋರ್ ಪಟ್ಟಿಗೆ ಹಾಕಿದೆ. 2019ರಿಂದ ಗಿಟ್‌ನಲ್ಲಿ ಆ ಸೌಲಭ್ಯ ಇದೆ. ಫೈಲಿನ ತಲೆಯ ಮೇಲೆ ಎರಡು ಸಾಲು ಕಾಮೆಂಟನ್ನೂ ಬರೆದೆ: ಇದನ್ನು ಮೊದಲು ಬರೆದವರು ಇಂಥವರು, ಇಂಥ ವರ್ಷ. ರಿವ್ಯೂನಲ್ಲಿ ಹೊಸ ಹುಡುಗಿಯೊಬ್ಬಳು "ಯಾರು ಸಾರ್ ಇವರು?" ಅಂತ ಕೇಳಿದಳು. ಹೇಳಿದೆ. ಅಪ್ರೂವ್ ಮಾಡಿದಳು. ಆ ಎರಡು ಸಾಲಿಗೆ ಬ್ಲೇಮ್ ಹೊಡೆದರೆ ಮಾತ್ರ ಈಗಲೂ ನನ್ನ ಹೆಸರೇ ಬರುತ್ತದೆ.